ಮದುವೆ, ಮುಂಜಿಯ ಹಳೇ ಡಿವಿಡಿಗಳನ್ನು ಮನೆಯಲ್ಲೇ ಪ್ರತಿ ಮಾಡಲು ಯಾವ ತಂತ್ರಾಂಶ?

ಹೋದ ಶ್ರಾವಣದಲ್ಲಿ ದೊಡ್ಡಮ್ಮ ಒಂದು ಬಟ್ಟೆ ಚೀಲ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಹನ್ನೊಂದು ಡಿಸ್ಕು. ಅಕ್ಕನ ಮದುವೆಯವು ಮೂರು, ಅಣ್ಣನ ಮದುವೆಯವು ನಾಲ್ಕು, ಒಂದು ಉಪನಯನದ್ದು, ಒಂದು ಗೃಹಪ್ರವೇಶದ್ದು, ಮತ್ತೆ ಹ್ಯಾಂಡಿಕ್ಯಾಮಿನಲ್ಲಿ ತೆಗೆದ ಅಂಗೈಯಗಲದ ಎರಡು ಪುಟ್ಟ ಡಿಸ್ಕು. "ಇದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಡಪ್ಪಾ. ನಿಮ್ಮ ದೊಡ್ಡಪ್ಪ ಮಾತಾಡೋದು ಇದರಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ" ಅಂದರು.

ಅಣ್ಣನ ಮದುವೆಯ ಎರಡನೇ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ನೇರಳೆ ಬಣ್ಣದ ತಳದ ಮೇಲೆ ಕೂದಲೆಳೆಯಂಥ ಹತ್ತಾರು ಗೀರು, ಹೊರಅಂಚಿನ ಹತ್ತಿರ ಒಂದು ಕಡೆ ಬೆಳ್ಳಗೆ ಮಬ್ಬು. ಡಿವಿಡಿಯಲ್ಲಿ ಬರವಣಿಗೆ ಒಳಗಿನಿಂದ ಶುರುವಾಗಿ ಅಂಚಿನ ಕಡೆ ಸಾಗುತ್ತದೆ. ಆದ್ದರಿಂದ ಅಂಚು ಹಾಳಾದರೆ ಕೊನೆಯ ಭಾಗಕ್ಕೆ ಪೆಟ್ಟು. ಈ ಡಿಸ್ಕಿನ ಕೊನೆಯಲ್ಲಿದ್ದದ್ದು ಧಾರೆ. ಪ್ಲೇಯರಿಗೆ ಹಾಕಿದರೆ ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು.

ಆ ಚೀಲದ ಕೆಲಸ ಮುಗಿದ ಮೇಲೆ ಬಂಧುಬಳಗದಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳತೊಡಗಿದರು: ಯಾವ ಸಾಫ್ಟ್‌ವೇರ್ ಒಳ್ಳೇದು? ಹುಡುಕಿದರೆ ಇಪ್ಪತ್ತು ಹೆಸರು ಬರುತ್ತವೆ, ಎಲ್ಲವೂ ತಾನೇ ಮೊದಲನೆಯದು ಎನ್ನುತ್ತವೆ. ಹೆಸರಿನಿಂದ ಶುರುಮಾಡಿದರೆ ತೀರ್ಮಾನಕ್ಕೆ ಬರುವುದು ಕಷ್ಟ. ಮೊದಲು ನಿಮ್ಮ ಕೈಲಿರುವ ಡಿಸ್ಕನ್ನೂ ನಿಮಗೆ ಬೇಕಾದ್ದನ್ನೂ ನೋಡಿಕೊಳ್ಳಿ.

ಮೊದಲು ಇಷ್ಟನ್ನು ಕೇಳಿಕೊಳ್ಳಿ

ಡಿಸ್ಕಿನ ಸ್ಥಿತಿ ಹೇಗಿದೆ? ಇದು ಎಲ್ಲಕ್ಕಿಂತ ಮುಖ್ಯ. ಚೆನ್ನಾಗಿರುವ ಡಿಸ್ಕನ್ನು ಯಾವ ತಂತ್ರಾಂಶವಾದರೂ ಓದುತ್ತದೆ. ಗೀರು ಬಿದ್ದದ್ದನ್ನು ಓದುವಾಗ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಪ್ರತಿಯನ್ನು ಎಲ್ಲಿ ನೋಡುತ್ತೀರಿ? ಟಿವಿಯ ಹಿಂದೆ ಪೆನ್‌ಡ್ರೈವ್ ಚುಚ್ಚಿಯೋ, ಮೊಬೈಲಿನಲ್ಲೋ, ಅಥವಾ ಅಜ್ಜಿ ಮನೆಯ ಹಳೇ ಡಿವಿಡಿ ಪ್ಲೇಯರಿನಲ್ಲೋ? ಅಥವಾ ಈಗ ನೋಡುವ ಅವಸರವಿಲ್ಲ, ಮುಂದಿನ ತಲೆಮಾರಿಗೆ ಕಾಪಿಟ್ಟರೆ ಸಾಕೋ?

ಏನನ್ನು ಬಿಟ್ಟುಕೊಡಲು ತಯಾರಿದ್ದೀರಿ? ಫೈಲ್ ಚಿಕ್ಕದಾಗಬೇಕಾದರೆ ಚಿತ್ರದ ಗುಣಮಟ್ಟ ಒಂದಿಷ್ಟು ಕಡಿಮೆಯಾಗುತ್ತದೆ. ಒಂದೇ ಫೈಲ್ ಬೇಕೆಂದರೆ ಮೆನು ಹೋಗುತ್ತದೆ. ಸ್ಟುಡಿಯೋದವರು ಗುಲಾಬಿ ಪಕಳೆ ಉದುರಿಸಿ, ವಧೂವರರ ಹೆಸರು ತಿರುಗಿಸಿ ಮಾಡಿದ ಆ ಮೊದಲ ಪರದೆ ಕೆಲವರಿಗೆ ಬೇಡವೇ ಬೇಡ, ಕೆಲವರಿಗೆ ಅದೇ ಮದುವೆಯ ನೆನಪು.

ಕೊನೆಗೆ ದುಡ್ಡು ಮತ್ತು ಸಮಯ. ದುಡ್ಡಿನ ವಿಷಯ ಈಗಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಒಂಬತ್ತು ಮನೆಗಳಿಗೆ ಒಂದು ರೂಪಾಯಿಯ ತಂತ್ರಾಂಶವೂ ಕೊಳ್ಳುವ ಅಗತ್ಯವಿಲ್ಲ. ದುಡ್ಡಿದ್ದರೆ ಒಳ್ಳೆಯ ಡ್ರೈವಿಗೆ ಹಾಕಿ.

ಡಿಸ್ಕಿನೊಳಗೆ ಇರುವುದೇನು

ಮದುವೆ ಡಿವಿಡಿಯನ್ನು ಕಂಪ್ಯೂಟರಿನಲ್ಲಿ ತೆರೆದರೆ ವಿಡಿಯೋ_ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ವಿಒಬಿ ಫೈಲುಗಳಲ್ಲಿ ಚಿತ್ರ ಮತ್ತು ಧ್ವನಿ, ಐಎಫ್‌ಒ ಫೈಲುಗಳಲ್ಲಿ ಯಾವುದರ ನಂತರ ಯಾವುದು ಎಂಬ ವಿವರ, ಬಿಯುಪಿ ಫೈಲುಗಳಲ್ಲಿ ಆ ವಿವರದ ಇನ್ನೊಂದು ಪ್ರತಿ. ವಿಒಬಿ ಒಂದೊಂದೂ ಹೆಚ್ಚೆಂದರೆ 1 ಜಿಬಿ, ಅದಕ್ಕೇ ಒಂದೇ ಮದುವೆ ನಾಲ್ಕೈದು ತುಂಡಾಗಿ ಕಾಣುತ್ತದೆ. ಚಿತ್ರ ಎಂಪೆಗ್-2 ರೂಪದ್ದು. ನಮ್ಮ ದೇಶದ ಪಾಲ್ ಎಂಬ ವಿಡಿಯೋ ಪದ್ಧತಿಯಲ್ಲಿ ಅಳತೆ 720x576, ಸೆಕೆಂಡಿಗೆ 25 ಫ್ರೇಮು. ಸಾಮಾನ್ಯ ಡಿಸ್ಕಿನಲ್ಲಿ 4.7 ಜಿಬಿ ಹಿಡಿಯುತ್ತದೆ, ಎರಡು ಪದರದ್ದರಲ್ಲಿ 8.5 ಜಿಬಿ. ಸ್ಟುಡಿಯೋದವರು ಕೊಟ್ಟವು ಹೆಚ್ಚಾಗಿ ಒಂದು ಪದರದವೇ.

ಸಿನಿಮಾ ಕಂಪನಿಗಳ ಡಿವಿಡಿಗೆ ಸಾಮಾನ್ಯವಾಗಿ ಪ್ರತಿ ಮಾಡದಂತೆ ತಡೆಯುವ ಸಿಎಸ್‌ಎಸ್ ಎಂಬ ಬೀಗ ಇರುತ್ತದೆ. ಮನೆಯ ಸಮಾರಂಭದ ಡಿಸ್ಕಿಗೆ ಅದು ಇರುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ ಇವೆರಡು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ವಿಡಿಯೋ ಮಾಡಿಸಿದವರೇ ಅದರ ಮೊದಲ ಹಕ್ಕುದಾರರು. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆಯುವವರಿಗೆ 2 ವರ್ಷದವರೆಗೆ ಜೈಲು ಮತ್ತು ದಂಡ ಹೇಳುತ್ತದೆ. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ನಿಮ್ಮ ಮನೆಯ ಸ್ವಂತ ಡಿಸ್ಕುಗಳಿಗೆ. ಮದುವೆ ವಿಡಿಯೋದ ಹಿಂದೆ ಸ್ಟುಡಿಯೋದವರು ಹಾಕಿದ ಸಿನಿಮಾ ಹಾಡುಗಳ ಹಕ್ಕು ಮಾತ್ರ ಆಯಾ ಕಂಪನಿಯದೇ. ಮನೆಯಲ್ಲಿ ನೋಡಲು ತೊಂದರೆಯಿಲ್ಲ, ಯೂಟ್ಯೂಬಿಗೆ ಏರಿಸಿದರೆ ತಕರಾರು ಬರುತ್ತದೆ.

ಏನೂ ಹಾಕಿಕೊಳ್ಳದೆ ಬರೀ ಕಾಪಿ-ಪೇಸ್ಟ್

ಬೀಗ ಇಲ್ಲದ, ಗೀರು ಇಲ್ಲದ ಡಿಸ್ಕಾದರೆ ಆ ಫೋಲ್ಡರನ್ನು ಹಾಗೇ ಎಳೆದು ಹಾರ್ಡ್ ಡಿಸ್ಕಿಗೆ ಹಾಕಬಹುದು. ಗುಣಮಟ್ಟ ಕಿಂಚಿತ್ತೂ ಕೆಡುವುದಿಲ್ಲ, ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ತಂತ್ರಾಂಶದಲ್ಲಿ ಮೆನು ಸಮೇತ ಓಡುತ್ತದೆ. ನಾಳೆ ಬೆಳಿಗ್ಗೆ ಊರಿಗೆ ಹೊರಡಬೇಕು, ಡಿಸ್ಕು ಚಿಕ್ಕಪ್ಪನ ಮನೆಯದು, ಇವತ್ತೇ ವಾಪಸು ಕೊಡಬೇಕು ಅಂದಾಗ ಇದಕ್ಕಿಂತ ಸುಲಭ ಇಲ್ಲ.

ಆದರೆ ಒಂದು ಕಡೆ ಓದಲಾಗದಿದ್ದರೂ ವಿಂಡೋಸ್ "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಅಂತ ಹೇಳಿ ಆ ಇಡೀ ಫೈಲನ್ನು ಕೈಬಿಡುತ್ತದೆ. ಅಂಗುಲದ ಗೀರಿಗೆ 1 ಜಿಬಿ ಹೋಯಿತು, ಅಂದರೆ ಸುಮಾರು ಅರ್ಧ ಗಂಟೆಯ ಮದುವೆ.

ಇಮ್ಗ್‌ಬರ್ನ್: ಡಿಸ್ಕಿದ್ದ ಹಾಗೇ ಒಂದು ಫೈಲು

ವಿಂಡೋಸ್ ಇರುವವರಿಗೆ ನನ್ನ ಮೊದಲ ಸಲಹೆ ಇದು. ಹಳೆಯ ತಂತ್ರಾಂಶ, ಕೊನೆಯ ಆವೃತ್ತಿ 2.5.8.0 ಬಂದದ್ದು 2013ರಲ್ಲಿ. ಆಮೇಲೆ ಹೊಸತು ಬಂದಿಲ್ಲ. ಡಿವಿಡಿಯೂ ಬದಲಾಗಿಲ್ಲವಾದ್ದರಿಂದ ಅದೊಂದು ಕೊರತೆ ಎಂದು ನನಗೆ ಅನ್ನಿಸಿಲ್ಲ. ಇಡೀ ಡಿಸ್ಕನ್ನು ಸೆಕ್ಟರ್ ಸೆಕ್ಟರ್ (ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಂಡು) ಓದಿ ಒಂದೇ ಐಎಸ್‌ಒ ಫೈಲ್ ಮಾಡುತ್ತದೆ. ಮೆನು, ಅಧ್ಯಾಯ, ಎಲ್ಲವೂ ಇದ್ದಹಾಗೇ. ವಿಂಡೋಸ್ 8ರಿಂದ ಈಚೆಗೆ ಆ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಡಿಸ್ಕು ಹಾಕಿದಂತೆಯೇ ತೆರೆದುಕೊಳ್ಳುತ್ತದೆ. ಮುಂದೆ ಎಂದಾದರೂ ಖಾಲಿ ಡಿಸ್ಕಿಗೆ ಬರೆದರೆ ಮೂಲದ್ದೇ ತದ್ರೂಪು.

ಗೀರಿನ ಜಾಗ ಬಂದಾಗ ಇದು ಮತ್ತೆ ಮತ್ತೆ ಪ್ರಯತ್ನಿಸಿ, ಆಗದಿದ್ದರೆ ನಿಮ್ಮನ್ನು ಕೇಳುತ್ತದೆ. ಮುಂದುವರಿಸಿ ಎಂದರೆ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಗೀರಿಗೆ ಇಷ್ಟು ಸಾಕು. ತುಂಬ ಕಡೆ ಕೆಟ್ಟಿದ್ದರೆ ಒಂದೊಂದೇ ಸೆಕ್ಟರಿಗೆ ತಿಣುಕುತ್ತಾ ಗಂಟೆಗಟ್ಟಲೆ ಕೂರುತ್ತದೆ, ಅಷ್ಟು ಹೊತ್ತು ಡ್ರೈವ್ ಬಿಸಿಯಾಗುತ್ತದೆ.

ಡೌನ್‌ಲೋಡ್ ಮಾಡುವಾಗ ಜಾಗ್ರತೆ. ಕೆಲವು ಕಡೆ ಸಿಗುವ ಇನ್‌ಸ್ಟಾಲರಿನ ಜೊತೆ ಬೇಡದ ಜಾಹೀರಾತು ತಂತ್ರಾಂಶ ಅಂಟಿಕೊಂಡು ಬರುತ್ತದೆ. ಪ್ರತಿ ಪರದೆಯನ್ನೂ ಓದಿ, ಗುರುತು ತೆಗೆದು ಮುಂದೆ ಹೋಗಿ.

ಹಳೇ ವಿಸಿಡಿಗಳೂ ಸಿಕ್ಕರೆ ಅವಕ್ಕೂ ಇದೇ ಸಾಕು. ವಿಸಿಡಿಯ ರಚನೆ ಬೇರೆ, ಅದಕ್ಕೆ ಐಎಸ್‌ಒ ಬದಲು ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲ್ ತಾನಾಗಿಯೇ ಮಾಡುತ್ತದೆ. ಎರಡನ್ನೂ ಒಟ್ಟಿಗೇ ಇಡಿ.

ಮ್ಯಾಕ್ ಇದ್ದರೆ ಅದರಲ್ಲೇ ಬರುವ ಡಿಸ್ಕ್ ಯುಟಿಲಿಟಿಯಲ್ಲಿ "ಡಿವಿಡಿ/ಸಿಡಿ ಮಾಸ್ಟರ್" ಆರಿಸಿದರೆ ಇದೇ ಕೆಲಸವಾಗುತ್ತದೆ. ಲಿನಕ್ಸಿನವರಿಗೆ ಬ್ರಸೆರೊ, ಕೆ3ಬಿ ಇವೆ.

ಡಿಡಿರೆಸ್ಕ್ಯೂ: ಸಾಯುತ್ತಿರುವ ಡಿಸ್ಕಿಗೆ

ಧಾರೆಯ ಡಿಸ್ಕನ್ನು ಇಮ್ಗ್‌ಬರ್ನ್‌ಗೆ ಕೊಟ್ಟಿದ್ದೆ. ಮುಕ್ಕಾಲು ಪಾಲು ಸಲೀಸಾಗಿ ಬಂತು, ಆಮೇಲೆ ಕದಲಲಿಲ್ಲ. ಆಗ ಹಿಡಿದದ್ದು ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯ ಡಿಡಿರೆಸ್ಕ್ಯೂ.

ಇದರ ಬುದ್ಧಿವಂತಿಕೆ ಓದುವ ಕ್ರಮದಲ್ಲಿದೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಂಡುಬಿಡುತ್ತದೆ. ಎಡವಿದ ಕಡೆ ನಿಲ್ಲುವುದಿಲ್ಲ, ಜಿಗಿದು ಮುಂದೆ ಹೋಗುತ್ತದೆ. ಎಲ್ಲೆಲ್ಲಿ ಬಿಟ್ಟೆ ಎನ್ನುವುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಬಿಟ್ಟ ಜಾಗಗಳಿಗಷ್ಟೇ ವಾಪಸು ಬರುತ್ತದೆ. ಆ ಮ್ಯಾಪ್ ಫೈಲ್ ಇರುವವರೆಗೆ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಮಾರನೇ ದಿನ ಮುಂದುವರಿಸಬಹುದು, ಅದಕ್ಕಿಂತ ಹೆಚ್ಚಾಗಿ ಬೇರೆ ಡ್ರೈವಿಗೆ ಡಿಸ್ಕು ಹಾಕಿ ಮುಂದುವರಿಸಬಹುದು. ಒಂದು ಡ್ರೈವಿಗೆ ಕಾಣದ ಜಾಗ ಇನ್ನೊಂದಕ್ಕೆ ಕಾಣುವುದು ತುಂಬ ಸಾಮಾನ್ಯ.

ನಾನು ಮಾಡಿದ್ದು ಹೀಗೆ. ಮೊದಲ ಸುತ್ತು ನನ್ನ ಹೊಸ ಯುಎಸ್‌ಬಿ ಡ್ರೈವಿನಲ್ಲಿ. ಆಮೇಲೆ ಡಿಸ್ಕು ತೆಗೆದು, ನಲ್ಲಿಯ ತಣ್ಣೀರಿನಲ್ಲಿ ಒಂದೇ ತೊಟ್ಟು ಪಾತ್ರೆ ಸೋಪು ಹಾಕಿ ತೊಳೆದೆ. ಮೆತ್ತನೆಯ ಹಳೇ ಹತ್ತಿ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತಲೂ ತಿರುಗಿಸಿ ಒರೆಸಬಾರದು. ಹಾಗೆ ಮಾಡಿದಾಗ ಬೀಳುವ ಹೊಸ ಗೀರು ಬರವಣಿಗೆಯ ಸಾಲಿನ ಉದ್ದಕ್ಕೇ ಬೀಳುತ್ತದೆ, ಅದು ಅಡ್ಡ ಗೀರಿಗಿಂತ ಕೆಟ್ಟದ್ದು. ಚೆನ್ನಾಗಿ ಆರಿದ ಮೇಲೆ ಎರಡನೇ ಸುತ್ತು. ಮೂರನೆಯದು ತಮ್ಮನ ಹಳೇ ಡೆಸ್ಕ್‌ಟಾಪಿನಲ್ಲಿದ್ದ ದೊಡ್ಡ ಡ್ರೈವಿನಲ್ಲಿ, ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು. ಹೊಸ ಡ್ರೈವ್ ಎರಡು ರಾತ್ರಿ ಒದ್ದಾಡಿ ಬಿಟ್ಟ ಜಾಗಗಳಲ್ಲಿ ಬಹುಪಾಲನ್ನು ಆ ಹಳೆಯದು ಒಂದು ಗಂಟೆಯೊಳಗೆ ಓದಿತು. ಕೊನೆಗೆ ಧಾರೆಯಲ್ಲಿ ನಾಲ್ಕು ಕಡೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಚಿತ್ರ ಒಡೆಯುತ್ತದೆ. ಉಳಿದದ್ದೆಲ್ಲ ಬಂತು. ದೊಡ್ಡಪ್ಪ ಬೀಗರನ್ನು "ಬನ್ನಿ, ಬನ್ನಿ, ಮುಂದೆ ಕೂತ್ಕೊಳ್ಳಿ" ಎಂದು ಕರೆಯುವ ದನಿಯೂ.

ಕಣ್ಣು ಮಿಟುಕಿಸುವಷ್ಟು ಎಂದೆನಲ್ಲ, ಅದಕ್ಕೆ ಕಾರಣ ಇದೆ. ಡಿವಿಡಿಯ ಒಂದು ಸೆಕ್ಟರ್ 2048 ಬೈಟು. ಅಂಥ 16 ಸೆಕ್ಟರುಗಳಿಗೆ ಒಟ್ಟಾಗಿ ತಪ್ಪು ತಿದ್ದುವ ವ್ಯವಸ್ಥೆ ಇರುತ್ತದೆ, ಆದ್ದರಿಂದ ಹೋದರೆ 32 ಕೆಬಿ ಒಟ್ಟಿಗೇ ಹೋಗುತ್ತದೆ. ಅಷ್ಟರಲ್ಲಿ ಇರುವುದು ಒಂದೆರಡು ಫ್ರೇಮಿನ ವಿವರ. ಆದರೆ ಎಂಪೆಗ್-2ರಲ್ಲಿ ಒಂದು ಪೂರ್ಣ ಚಿತ್ರ ಬಂದಮೇಲೆ ಮುಂದಿನ ಹನ್ನೆರಡೋ ಹದಿನೈದೋ ಫ್ರೇಮುಗಳು ಅದನ್ನೇ ಆಧರಿಸಿರುತ್ತವೆ. ಅದಕ್ಕೇ ಸಣ್ಣ ಪೆಟ್ಟೂ ಅರ್ಧ ಸೆಕೆಂಡು ಕಾಣುತ್ತದೆ.

ತೊಡಕು ಏನೆಂದರೆ ಇದಕ್ಕೆ ಗುಂಡಿಗಳಿಲ್ಲ, ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಬೇಕು, ಲಿನಕ್ಸ್ ಇದ್ದರೆ ಸುಲಭ. ಉಬುಂಟು ಎಂಬ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಶುರುಮಾಡಬಹುದು, ವಿಂಡೋಸನ್ನು ಮುಟ್ಟಬೇಕಿಲ್ಲ. ಅಲ್ಲಿ ಈ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ ಎಂದಿರುತ್ತದೆ. ಬ್ಲಾಕ್ ಅಳತೆ 2048 ಎಂದು ಕೊಡುವುದನ್ನು ಮರೆಯಬೇಡಿ. ಮನೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರಿದ್ದರೆ ಒಂದು ಭಾನುವಾರ ಜೊತೆಗೆ ಕೂರಿಸಿಕೊಳ್ಳಿ, ಕಲಿತುಬಿಡುತ್ತಾರೆ. ಚೆನ್ನಾಗಿರುವ ಡಿಸ್ಕಿಗೆ ಇಷ್ಟೆಲ್ಲ ಬೇಡ.

ಮೇಕ್‌ಎಂಕೆವಿ

ಮೆನು ಬೇಡ, ಒಂದೇ ಫೈಲು ಬೇಕು, ಆದರೆ ಚಿತ್ರ ಸ್ವಲ್ಪವೂ ಕೆಡಬಾರದು ಎನ್ನುವವರಿಗೆ ಇದು. ಡಿಸ್ಕಿನೊಳಗಿನ ಚಿತ್ರ, ಧ್ವನಿಯನ್ನು ಬದಲಾಯಿಸದೆ ಎಂಕೆವಿ ಎಂಬ ಹೊಸ ಡಬ್ಬಿಗೆ ತುಂಬುತ್ತದೆ. ನಾಲ್ಕೈದು ವಿಒಬಿ ತುಂಡು ಸೇರಿ ಒಂದಾಗುತ್ತವೆ, ಅಧ್ಯಾಯಗಳು ಉಳಿಯುತ್ತವೆ. ಹೊಸದಾಗಿ ಸಂಕುಚಿಸುವ ಕೆಲಸ ಇಲ್ಲದ್ದರಿಂದ ಡ್ರೈವ್ ಎಷ್ಟು ಬೇಗ ಓದುತ್ತದೋ ಅಷ್ಟು ಬೇಗ ಮುಗಿಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ, ಡಿವಿಡಿ ಕೆಲಸಕ್ಕೆ ಉಚಿತ.

ಒಂದು ಮಾತು ನೆನಪಿಡಿ. 120 ಸೆಕೆಂಡಿಗಿಂತ ಚಿಕ್ಕ ತುಣುಕುಗಳನ್ನು ಇದು ತಾನಾಗಿ ಬಿಟ್ಟುಬಿಡುತ್ತದೆ. ಸಿನಿಮಾಕ್ಕೆ ಅದು ಸರಿ. ಆದರೆ ಸ್ಟುಡಿಯೋದವರು ಕೆಲವೊಮ್ಮೆ ಶಾಸ್ತ್ರದ ಸಣ್ಣ ಸಣ್ಣ ಭಾಗಗಳನ್ನು ಬೇರೆ ಬೇರೆ ತುಣುಕಾಗಿ ಇಟ್ಟಿರುತ್ತಾರೆ. ಸೆಟ್ಟಿಂಗಿನಲ್ಲಿ ಆ ಸಂಖ್ಯೆಯನ್ನು 5ಕ್ಕೋ 10ಕ್ಕೋ ಇಳಿಸಿಕೊಳ್ಳಿ.

ಕೊರತೆ: ಫೈಲಿನ ಗಾತ್ರ ಕಡಿಮೆಯಾಗುವುದಿಲ್ಲ, 4 ಜಿಬಿ ಇದ್ದದ್ದು 4 ಜಿಬಿಯೇ. ಹಲವು ಟಿವಿಗಳು ಓಡಿಸುತ್ತವೆ, ಎಲ್ಲವೂ ಅಲ್ಲ. ಮೊಬೈಲಿನಲ್ಲಿ ವಿಎಲ್‌ಸಿ ಹಾಕಿಕೊಳ್ಳಬೇಕಾಗುತ್ತದೆ.

ಹ್ಯಾಂಡ್‌ಬ್ರೇಕ್: ಎಲ್ಲರೂ ನೋಡುವ ಫೈಲು ಇದರಿಂದ

ಚಿಕ್ಕದಾಗಬೇಕು, ಟಿವಿ ಮೊಬೈಲು ಎಲ್ಲದರಲ್ಲೂ ಓಡಬೇಕು ಎಂದರೆ ಎಂಪಿ4 ಮಾಡಲೇಬೇಕು. ಅದಕ್ಕೆ ಹ್ಯಾಂಡ್‌ಬ್ರೇಕಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಉಚಿತ, ಮುಕ್ತ ತಂತ್ರಾಂಶ, ಮೂರೂ ಬಗೆಯ ಕಂಪ್ಯೂಟರಿಗೂ ಲಭ್ಯ. ಬೀಗವಿರುವ ಡಿಸ್ಕನ್ನು ಇದು ತನ್ನಷ್ಟಕ್ಕೆ ತೆರೆಯುವುದಿಲ್ಲ. ನಿಮ್ಮ ಮನೆಯ ಡಿಸ್ಕಿಗೆ ಆ ಪ್ರಶ್ನೆಯೇ ಬರುವುದಿಲ್ಲ. ಐಎಸ್‌ಒ ಫೈಲನ್ನೂ ನೇರವಾಗಿ ತೆರೆಯುತ್ತದೆ.

ಇದರಲ್ಲಿ ಎರಡು ಜಾಗದಲ್ಲಿ ಮನಸ್ಸಿಟ್ಟು ಆರಿಸಬೇಕು, ಉಳಿದದ್ದನ್ನು ಇದ್ದಹಾಗೇ ಬಿಡಬಹುದು.

ಮೊದಲನೆಯದು ಗುಣಮಟ್ಟದ ಸಂಖ್ಯೆ, ಆರ್‌ಎಫ್. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಡಿವಿಡಿ ಅಳತೆಯ ಚಿತ್ರಕ್ಕೆ 18ರಿಂದ 22ರ ನಡುವೆ ಇಡಿ ಎಂಬುದು ಹ್ಯಾಂಡ್‌ಬ್ರೇಕಿನವರದೇ ಸಲಹೆ. ನಾನು 19 ಇಡುತ್ತೇನೆ. ಛತ್ರದ ಮಂದ ಬೆಳಕಿನಲ್ಲಿ ತೆಗೆದ ವಿಡಿಯೋದಲ್ಲಿ ಕಾಳುಕಾಳಾದ ಗದ್ದಲ ಜಾಸ್ತಿ ಇರುತ್ತದೆ, ಸಂಖ್ಯೆ ಏರಿಸಿದರೆ ಮುಖಗಳು ಮೇಣ ಮೆತ್ತಿದಂತಾಗುತ್ತವೆ.

ಎರಡನೆಯದು ಡಿಇಂಟರ್‌ಲೇಸ್. ಇದನ್ನು ತಿಳಿಯದೆ ಎಷ್ಟೋ ಮನೆಗಳ ಪ್ರತಿ ಕೆಟ್ಟಿದೆ. ಹಳೇ ವಿಡಿಯೋ ಕ್ಯಾಮೆರಾ ಒಂದು ಫ್ರೇಮನ್ನು ಎರಡು ಅರ್ಧವಾಗಿ ಹಿಡಿಯುತ್ತಿತ್ತು, ಒಂದರಲ್ಲಿ ಬೆಸ ಸಾಲು, ಇನ್ನೊಂದರಲ್ಲಿ ಸಮ ಸಾಲು, ಸೆಕೆಂಡಿಗೆ 50 ಅರ್ಧಗಳು. ಗಾಜಿನ ಹಳೇ ಟಿವಿಗೆ ಅದು ಸರಿಹೊಂದುತ್ತಿತ್ತು. ಈಗಿನ ಪರದೆಯ ಮೇಲೆ, ಆರತಿ ಎತ್ತುವ ಕೈ ಸರಿದಾಡಿದಾಗ ಬೆರಳಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಕಾಣುತ್ತವೆ. ಫಿಲ್ಟರುಗಳ ಪುಟದಲ್ಲಿ ಡಿಇಂಟರ್‌ಲೇಸ್ ಆರಿಸಿ, ಅದರಲ್ಲಿ ಬಾಬ್ ಎಂಬ ಆಯ್ಕೆ ತೆಗೆದುಕೊಂಡರೆ ಆ 50 ಅರ್ಧಗಳೂ ಒಂದೊಂದು ಪೂರ್ಣ ಫ್ರೇಮಾಗಿ ಚಲನೆ ನಯವಾಗಿ ಕಾಣುತ್ತದೆ. ಆದರೆ "576ಪಿ25" ಎಂಬ ಸಿದ್ಧ ಆಯ್ಕೆಗಳು ಫ್ರೇಮ್ ದರವನ್ನು 25ಕ್ಕೆ ಕಟ್ಟಿಹಾಕುತ್ತವೆ. ಅಲ್ಲಿ 50 ಎಂದು ಬದಲಿಸದಿದ್ದರೆ ಬಾಬ್ ಹಾಕಿಯೂ ಪ್ರಯೋಜನವಿಲ್ಲ.

ಕೆಲವು ವರ್ಷದ ಹಿಂದೆ ಅಕ್ಕನ ಮಗಳ ನಾಮಕರಣದ ಡಿಸ್ಕನ್ನು ನಾನು ಇದ್ಯಾವುದನ್ನೂ ನೋಡದೆ ನೇರವಾಗಿ ಚಿಕ್ಕ ಎಂಪಿ4 ಮಾಡಿ, ಡಿಸ್ಕು ವಾಪಸು ಕೊಟ್ಟುಬಿಟ್ಟಿದ್ದೆ. ಆಮೇಲೆ ಆ ಡಿಸ್ಕು ಓದುವುದನ್ನೇ ನಿಲ್ಲಿಸಿತು. ಈಗ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಅಜ್ಜಿಯ ಕೈಗಳೆಲ್ಲ ಬಾಚಣಿಗೆ ಹಲ್ಲು, ಆ ಗೆರೆಗಳು ಚಿತ್ರದೊಳಗೇ ಬೆರೆತುಹೋಗಿವೆ, ತೆಗೆಯಲು ದಾರಿಯಿಲ್ಲ. ಅಂದಿನಿಂದ ಮೊದಲು ಐಎಸ್‌ಒ, ಅದರಿಂದ ಎಂಪಿ4. ಮಧ್ಯದ ಹೆಜ್ಜೆ ಬಿಡುವುದಿಲ್ಲ.

ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಡಿಸ್ಕಿಗೆ ಒಂದೆರಡು ಗಂಟೆ ಹಿಡಿಯಬಹುದು. ಸಾಲಾಗಿ ಕ್ಯೂಗೆ ಹಾಕಿ ರಾತ್ರಿ ಬಿಟ್ಟು ಮಲಗಿ. ನನ್ನಲ್ಲಿ ಎರಡು ಗಂಟೆಯ ಮದುವೆ ಒಂದರಿಂದ ಎರಡು ಜಿಬಿಯೊಳಗೆ ಬಂದಿದೆ.

ದುಡ್ಡಿನ ತಂತ್ರಾಂಶಗಳು, ಮತ್ತೆ ಹಳೇ ಹೆಸರುಗಳು

ಡಿವಿಡಿಫ್ಯಾಬ್, ನೀರೋ ಮುಂತಾದವುಗಳ ಲಾಭ ಅನುಕೂಲ: ಎಲ್ಲವೂ ಒಂದೇ ಕಿಟಕಿಯಲ್ಲಿ, ದೊಡ್ಡ ದೊಡ್ಡ ಗುಂಡಿಗಳು. ನೂರಾರು ಡಿಸ್ಕು ಇದ್ದು, ಸೆಟ್ಟಿಂಗ್ ನೋಡುವ ವ್ಯವಧಾನ ಇಲ್ಲದವರಿಗೆ ಇದು ಬೆಲೆಬಾಳಬಹುದು. ಕೊಳ್ಳುವ ಮೊದಲು ಪ್ರಾಯೋಗಿಕ ಆವೃತ್ತಿಯಲ್ಲಿ ಒಂದು ಡಿಸ್ಕು ಪೂರ್ತಿ ಮಾಡಿ ನೋಡಿ, ಕೆಲವು ಚಿತ್ರದ ಮೇಲೆ ತಮ್ಮ ಮುದ್ರೆ ಒತ್ತುತ್ತವೆ. ಈಗ ಹಲವರು ಕೃತಕ ಬುದ್ಧಿಮತ್ತೆಯಿಂದ ಚಿತ್ರ ದೊಡ್ಡದು ಮಾಡಿಕೊಡುತ್ತೇವೆ ಎನ್ನುತ್ತಾರೆ. 576 ಸಾಲಿನಲ್ಲಿ ಇಲ್ಲದ ವಿವರವನ್ನು ಅದು ಊಹಿಸಿ ಬರೆಯುತ್ತದೆ. ದೊಡ್ಡಪ್ಪನ ಮುಖದಲ್ಲಿ ಊಹೆ ಇರುವುದು ನನಗೆ ಬೇಡ. ಬೇಕೆಂದವರು ಮೂಲ ಪ್ರತಿ ಇಟ್ಟುಕೊಂಡು ಆಮೇಲೆ ಪ್ರಯೋಗ ಮಾಡಲಿ.

ಡಿವಿಡಿ ಶ್ರಿಂಕ್ ಎಂಬ ಹೆಸರು ಹಳಬರ ಬಾಯಲ್ಲಿ ಇನ್ನೂ ಇದೆ. ಎರಡು ಪದರದ 8.5 ಜಿಬಿಯನ್ನು ಹಿಂಡಿ 4.7 ಜಿಬಿಯ ಡಿಸ್ಕಿಗೆ ಕೂರಿಸುವುದು ಅದರ ಕೆಲಸ. ಕೊನೆಯ ಆವೃತ್ತಿ 2004ರದು. ಈಗ ಆ ಹೆಸರಿನಲ್ಲಿ ನಕಲಿ ತಾಣಗಳು ಬಹಳ. ಮನೆಯ ಡಿಸ್ಕುಗಳು ಹೆಚ್ಚಾಗಿ ಒಂದೇ ಪದರದವಾದ್ದರಿಂದ ನಿಮಗೆ ಅದರ ಅಗತ್ಯ ಬೀಳುವುದಿಲ್ಲ.

ಹ್ಯಾಂಡಿಕ್ಯಾಮಿನ ಪುಟ್ಟ ಡಿಸ್ಕು

8 ಸೆಂಟಿಮೀಟರಿನ, 1.4 ಜಿಬಿಯ ಆ ಡಿಸ್ಕು ಹಾಕಿದರೆ ಕಂಪ್ಯೂಟರ್ ಖಾಲಿ ಎನ್ನುತ್ತದೆಯೇ? ಗಾಬರಿ ಬೇಡ. ರೆಕಾರ್ಡ್ ಮಾಡಿದ ಮೇಲೆ "ಫೈನಲೈಸ್" ಮಾಡದೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಡಿಸ್ಕನ್ನು ಮುಗಿಸದೆ, ಬಿಟ್ಟಿರಬಹುದು ಅಷ್ಟೇ. ಈ ಡಿಸ್ಕನ್ನು ಹೇಗೆ ಬಳಸುತ್ತೀರಿ ಎಂದು ವಿಂಡೋಸ್ ಕೇಳಿದರೆ ಏನನ್ನೂ ಆರಿಸದೆ ರದ್ದು ಒತ್ತಿ. ಮುಂದೆ ಒತ್ತಿದರೆ ಇದ್ದದ್ದೂ ಅಳಿಸಿಹೋದೀತು. ಆ ಕ್ಯಾಮೆರಾ ಇನ್ನೂ ಇದ್ದು ಚಾಲೂ ಆಗುತ್ತಿದ್ದರೆ ಅದರಲ್ಲೇ ಫೈನಲೈಸ್ ಮಾಡುವುದು ಒಳ್ಳೇದು. ಇಲ್ಲವಾದರೆ ಇಂಥ ಡಿಸ್ಕನ್ನೂ ಓದಬಲ್ಲ ಐಸೋಬಸ್ಟರ್ ಎಂಬ ವಿಂಡೋಸ್ ತಂತ್ರಾಂಶ. ದುಡ್ಡು ಕೊಟ್ಟು ಕೊಳ್ಳಿ ಎಂದು ನಾನು ಹೇಳುವುದು ಇದೊಂದನ್ನೇ. ಒಳಗೆ ಏನಿದೆ ಎಂದು ನೋಡಲು ಉಚಿತ ಆವೃತ್ತಿ ಸಾಕು, ಇಂಥ ಡಿಸ್ಕಿನಿಂದ ಹೊರತೆಗೆಯಲು ಪರವಾನಗಿ ಬೇಕು. ಮೊದಲು ನೋಡಿ, ವಿಡಿಯೋ ಕಂಡರೆ ಆಮೇಲೆ ಕೊಳ್ಳಿ. ಡಿಸ್ಕನ್ನು ಬಾಯಿಗೆ ನುಂಗಿಕೊಳ್ಳುವ ಬಗೆಯ ಡ್ರೈವಿಗೆ ಈ ಪುಟ್ಟದ್ದನ್ನು ಹಾಕಬೇಡಿ, ಸಿಕ್ಕಿಕೊಳ್ಳುತ್ತದೆ. ತಟ್ಟೆ ಹೊರಬರುವ ಡ್ರೈವೇ ಬೇಕು.

ಹಾಗಾದರೆ ನೀವು ಯಾವುದನ್ನು ಹಿಡಿಯಬೇಕು

ನಾಲ್ಕೈದು ಡಿಸ್ಕು, ಎಲ್ಲ ಚೆನ್ನಾಗಿವೆ, ಟಿವಿಯಲ್ಲಿ ನೋಡಬೇಕು: ಇಮ್ಗ್‌ಬರ್ನಿನಲ್ಲಿ ಐಎಸ್‌ಒ, ಹ್ಯಾಂಡ್‌ಬ್ರೇಕಿನಲ್ಲಿ ಎಂಪಿ4. ಐಎಸ್‌ಒ ಹಾರ್ಡ್ ಡಿಸ್ಕಿಗೆ, ಎಂಪಿ4 ಪೆನ್‌ಡ್ರೈವಿಗೆ. ಖರ್ಚು ಡ್ರೈವಿನದಷ್ಟೇ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡಿವಿಡಿ ರೈಟರ್ ಕೊಳ್ಳಿ, ಅಥವಾ ಯಾರದ್ದಾದರೂ ಹಳೇ ಡೆಸ್ಕ್‌ಟಾಪ್ ಕೇಳಿ ತನ್ನಿ.

ಕಂಪ್ಯೂಟರ್ ತುಂಬ ನಿಧಾನ, ರಾತ್ರಿಯೆಲ್ಲ ಓಡಿಸಲು ಕರೆಂಟಿನ ಭರವಸೆ ಇಲ್ಲ: ಮೇಕ್‌ಎಂಕೆವಿ ಮಾತ್ರ ಮಾಡಿ ನಿಲ್ಲಿಸಿ. ಜಾಗ ಹೆಚ್ಚು ಹೋಗುತ್ತದೆ, ಗುಣಮಟ್ಟ ಪೂರ್ತಿ ಇರುತ್ತದೆ, ಎಂಪಿ4 ಯಾವಾಗ ಬೇಕಾದರೂ ಮಾಡಬಹುದು.

ಡಿಸ್ಕು ಅಲ್ಲಲ್ಲಿ ನಿಲ್ಲುತ್ತದೆ: ಡಿಡಿರೆಸ್ಕ್ಯೂ, ಎರಡು ಬೇರೆ ಬೇರೆ ಡ್ರೈವು, ತಾಳ್ಮೆ. ಪ್ಲೇಯರಿನಲ್ಲಿ ಮತ್ತೆ ಮತ್ತೆ ಹಾಕಿ ನೋಡುತ್ತಾ ಕೂರಬೇಡಿ.

ಅಮೆರಿಕದಲ್ಲಿರುವ ಮಗಳಿಗೆ ಕಳಿಸಬೇಕು: ಡಿಸ್ಕು ಬರೆದು ಅಂಚೆಗೆ ಹಾಕಬೇಡಿ. ಅಲ್ಲಿಯ ಡಿವಿಡಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮ ಪಾಲ್ ಡಿಸ್ಕನ್ನು ಅಲ್ಲಿನ ಬಹಳಷ್ಟು ಪ್ಲೇಯರುಗಳು ತೋರಿಸುವುದಿಲ್ಲ. ಎಂಪಿ4 ಮಾಡಿ ಕಳಿಸಿ.

ಅಜ್ಜಿಗೆ ರಿಮೋಟಿನ ಅದೇ ಗುಂಡಿ ಒತ್ತಿಯೇ ಅಭ್ಯಾಸ, ಹಳೇ ಪ್ಲೇಯರೇ ಬೇಕು: ಐಎಸ್‌ಒ ಫೈಲನ್ನು ಇಮ್ಗ್‌ಬರ್ನಿನಿಂದ ಒಳ್ಳೆಯ ಡಿವಿಡಿ-ಆರ್ ಡಿಸ್ಕಿಗೆ 4 ಅಥವಾ 8ರ ವೇಗದಲ್ಲಿ ಬರೆಯಿರಿ, ಬರೆದದ್ದನ್ನು ಪರಿಶೀಲಿಸುವ ಗುರುತು ಹಾಕಿರಲಿ. ಮೆನು ಮೊದಲಿನಂತೆಯೇ ಬರುತ್ತದೆ.

ಪೆನ್‌ಡ್ರೈವಿನ ಬಗ್ಗೆ ಒಂದು ಮಾತು. 32 ಜಿಬಿ ಮತ್ತು ಅದಕ್ಕಿಂತ ಚಿಕ್ಕವು ಹೆಚ್ಚಾಗಿ ಫ್ಯಾಟ್32 ವಿಧಾನದಲ್ಲಿ ಬರುತ್ತವೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಜಾಗ ಖಾಲಿ ಇದ್ದರೂ ಐಎಸ್‌ಒ ಹೋಗುತ್ತಿಲ್ಲ ಎಂದು ಫೋನ್ ಮಾಡುವವರದ್ದೆಲ್ಲ ಇದೇ ತೊಂದರೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಒಳಗೆ ಬೇರೇನಾದರೂ ಇದ್ದರೆ ಮೊದಲು ತೆಗೆದಿಟ್ಟುಕೊಂಡು.

ಪ್ರತಿ ಆದ ಮೇಲೆ ಶುರುವಿನ ಐದು ನಿಮಿಷ ನೋಡಿ ಸರಿಯಿದೆ ಎಂದುಕೊಳ್ಳಬೇಡಿ. ತೊಂದರೆ ಇರುವುದು ಅಂಚಿನಲ್ಲಿ, ಅಂದರೆ ಕೊನೆಯಲ್ಲಿ. ಕೊನೆಯ ಕಾಲು ಗಂಟೆಯನ್ನು ಕೂತು ನೋಡಿ, ಧ್ವನಿ ಮತ್ತು ತುಟಿ ಸರಿಹೊಂದಿವೆಯೇ ಗಮನಿಸಿ. ಫೈಲಿಗೆ ವರ್ಷ, ಸಮಾರಂಭ, ಡಿಸ್ಕಿನ ಸಂಖ್ಯೆ ಸೇರಿಸಿ ಹೆಸರಿಡಿ. ಎರಡನೇ ಪ್ರತಿಯನ್ನು ಬೇರೆ ಮನೆಯಲ್ಲಿಡಿ. ದೊಡ್ಡಮ್ಮನ ಹನ್ನೊಂದೂ ಈಗ ಎರಡು ಹಾರ್ಡ್ ಡಿಸ್ಕಿನಲ್ಲಿವೆ, ಒಂದು ನನ್ನ ಬೀರುವಿನಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಪೆನ್‌ಡ್ರೈವ್ ದೊಡ್ಡಮ್ಮನ ಟಿವಿಯ ಹಿಂದೆಯೇ ಇದೆ, ಅದನ್ನು ಅವರು ತೆಗೆಯಲು ಬಿಡುವುದಿಲ್ಲ.